ಹಿತ್ಲಕಡೆ ಬಾಗಿಲು

"ಸಾಫ್ಟ್‌ವೇರಿನವನು ನೀನು, ಒಂದಾದ್ರೂ ಟೆಕ್ನಿಕಲ್ ಬರಹ ಬರಿ ಮಾರಾಯ" ಅಂತ ಗೆಳೆಯರಿಬ್ಬರು ವರ್ಷದಿಂದ ಪೀಡಿಸುತ್ತಿದ್ದಾರೆ. ಇವತ್ತು ಬರೆಯಲು ಕೂತಿದ್ದೇನೆ. ಆದರೆ ಇದು ಟೆಕ್ನಿಕಲ್ ಬರಹವೋ, ಅಪ್ಪ-ಅಮ್ಮನ ಕತೆಯೋ ಅಂತ ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ. ಓದಿ ನೀವೇ ಹೇಳಿ.

ನಮ್ಮ ಮನೆ ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಪೇಟೆ ಅಂದರೆ ಸಾಗರ, ಅಜ್ಜನ ಮನೆ ಅಂದರೆ ತೀರ್ಥಹಳ್ಳಿ ಕಡೆ. ನನ್ನ ಬಾಲ್ಯವೆಲ್ಲ ಈ ಮೂರು ಊರುಗಳ ಮಧ್ಯೆ ಬಸ್ಸಿನ ಕಿಟಕಿ ಪಕ್ಕ ವಾಂತಿ ಮಾಡಿಕೊಳ್ಳುತ್ತಾ ಕಳೆದುಹೋಯಿತು :) ತೀರ್ಥಹಳ್ಳಿಯ ಅಜ್ಜಿ, ಅಂದರೆ ಅಮ್ಮನ ಅಮ್ಮ, ಹಾಡಿಗೆ ಹೆಸರಾದವಳು. ಯಾವ ಮನೆಯಲ್ಲಿ ಮದುವೆಯಾದರೂ ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಆರತಿ ಹಾಡಿಗೆ ಅಜ್ಜಿ ಬೇಕೇ ಬೇಕು. 1990ರ ದಶಕದಲ್ಲಿ ಮಾವ ಒಂದು ಟೇಪ್ ರೆಕಾರ್ಡರ್ ತಂದವನು, ಬಿಡುವಾದಾಗೆಲ್ಲ ಅಜ್ಜಿಯನ್ನು ಕೂರಿಸಿ ಹಾಡಿಸಿ 23 ಕ್ಯಾಸೆಟ್ ತುಂಬಿಸಿದ್ದ. ಹಾಡಿನ ಹಿಂದೆ ಮಳೆಯ ಸದ್ದಿದೆ, ಕೊಟ್ಟಿಗೆಯ ದನ ಕೂಗುವುದಿದೆ, "ಮಾಣಿ, ಒಲೆ ಮೇಲಿನ ಹಾಲು ನೋಡು" ಅನ್ನುವುದೂ ಇದೆ.

ಮಲೆನಾಡಿನ ಮಳೆಗಾಲಕ್ಕೂ ಕ್ಯಾಸೆಟ್ಟಿಗೂ ಆಗಿಬರುವುದಿಲ್ಲ. 2021ರ ದೀಪಾವಳಿಗೆ ಹೋದಾಗ ನೋಡಿದರೆ ಅರ್ಧದಷ್ಟಕ್ಕೆ ಬೂಷ್ಟು ಹಿಡಿದಿತ್ತು. ರಜೆಯಷ್ಟೂ ದಿನ, ಆಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳಲ್ಲೂ, ಒಂದೊಂದೇ ಕ್ಯಾಸೆಟ್ ಒರೆಸಿ, ಓಡಿಸಿ, ಲ್ಯಾಪ್‌ಟಾಪಿಗೆ ಇಳಿಸಿದೆ. ಇದಕ್ಕೆ ಶಾರ್ಟ್‌ಕಟ್ ಇಲ್ಲ. ಒಂದು ಗಂಟೆಯ ಕ್ಯಾಸೆಟ್ ಇಳಿಸಲು ಒಂದು ಗಂಟೆ ಬೇಕೇ ಬೇಕು. ಒಟ್ಟು 29 ಗಂಟೆಯ ಹಾಡು, ಸಿ.ಡಿ. ಗುಣಮಟ್ಟದಲ್ಲಿ ಸುಮಾರು 18 ಜಿಬಿ. ಕೆಲಸ ಮುಗಿದ ಮೇಲೆ ಕೆಲವು ಕ್ಯಾಸೆಟ್ಟುಗಳ ಟೇಪು ತುಂಡಾಯಿತು. ಉಳಿದವನ್ನು ಮುಂದಿನ ಮಳೆಗಾಲ ಮುಗಿಸಿತು.

ಆ ಹಾಡುಗಳನ್ನು ಇಡಲಿಕ್ಕಂತಲೇ ಒಂದು ಪೆಟ್ಟಿಗೆ ಕೊಂಡೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಚಿಕ್ಕದಾಗಿ ನ್ಯಾಸ್. ಒಳಗೆ 4 ಟಿಬಿಯ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೆಯೇ ಬರೆಯಲ್ಪಡುತ್ತದೆ, ಇದಕ್ಕೆ ರೇಡ್ ಒಂದು ಅಂತ ಹೆಸರು. ರೂಟರಿಗೆ ವೈರು ಸಿಕ್ಕಿಸಿದರೆ ಮನೆಯ ಎಲ್ಲಾ ಮೊಬೈಲು, ಲ್ಯಾಪ್‌ಟಾಪಿನಿಂದ ನೋಡಬಹುದು. ಅಪ್ಪ ರಿಟೈರಾದ ಪ್ರೈಮರಿ ಶಾಲೆ ಮೇಷ್ಟ್ರು. ಹೆಸರು ಕೇಳಿದ ಕೂಡಲೇ "ನ್ಯಾಸ ಅಂದ್ರೆ ಸಂಸ್ಕೃತದಲ್ಲಿ ಠೇವಣಿ, ನಂಬಿ ಇಟ್ಟ ಗಂಟು. ಒಳ್ಳೇ ಹೆಸರಿಟ್ಟಿದ್ದ" ಅಂದ. ಹೆಸರಿಟ್ಟವರಿಗೆ ಇದು ಗೊತ್ತಿರಲಿಕ್ಕಿಲ್ಲ!

ಪೆಟ್ಟಿಗೆ ಊರ ಮನೆಯಲ್ಲೇ ಇರಲಿ ಅಂತ ತೀರ್ಮಾನವಾಯಿತು. ಎರಡೆರಡು ಡಿಸ್ಕು ಇದೆ, ಇನ್ನೇನು ಭಯ ಅಂತ ನಾನು ಬೆಂಗಳೂರಿಗೆ ಬಂದೆ.

ಎರಡು ಡಿಸ್ಕಿದ್ದ ಮಾತ್ರಕ್ಕೆ ಅದು ಬ್ಯಾಕಪ್ ಅಲ್ಲ ಅಂತ ಆಫೀಸಿನಲ್ಲಿ ಜೂನಿಯರುಗಳಿಗೆ ಪಾಠ ಮಾಡುವವನು ನಾನೇ. ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ. ಮನೆಯ ವಿಷಯಕ್ಕೆ ಬಂದಾಗ ಮಾತ್ರ ಪಾಠ ನೆನಪಾಗಲಿಲ್ಲ.

*

ಮಲೆನಾಡಿನ ಮನೆ ನೋಡಿದವರಿಗೆ ಗೊತ್ತು. ಎದುರಿಗೆ ಜಗಲಿ. ಬಂದ ನೆಂಟರು ಅಲ್ಲಿ ಕೂರುತ್ತಾರೆ, ಆಸರಿಗೆ ಕುಡಿಯುತ್ತಾರೆ, ಕವಳ ಹಾಕುತ್ತಾರೆ. ಮನೆಯವರಿಗೆ ಮಾತ್ರ ಹಿತ್ಲಕಡೆ ಬಾಗಿಲು. ತೋಟದಿಂದ ಬಂದವರು, ಕೊಟ್ಟಿಗೆಯಿಂದ ಬಂದವರು, ಕೆಸರು ಕಾಲಿನವರು ಅಲ್ಲಿಂದಲೇ ಸೀದಾ ಬಚ್ಚಲಿಗೆ, ಅಡಿಗೆಮನೆಗೆ. ಮನೆಯ ನಿಜವಾದ ಸ್ಥಿತಿ ಗೊತ್ತಾಗುವುದು ಹಿತ್ಲಕಡೆಯಿಂದ, ಜಗಲಿಯಿಂದ ಅಲ್ಲ.

ಈ ಪೆಟ್ಟಿಗೆಗೂ ಹಾಗೇ ಎರಡು ಬಾಗಿಲು. ಬ್ರೌಸರಿನಲ್ಲಿ ತೆರೆದುಕೊಳ್ಳುವ ಚಂದದ ಪುಟ ಜಗಲಿ. ಐಕಾನುಗಳು, ಹಸಿರು ಟಿಕ್ ಗುರುತುಗಳು, "ಎಲ್ಲಾ ಚೆನ್ನಾಗಿದೆ" ಅನ್ನುವ ಮಾತು. ಅದರ ಹಿಂದೆ ಇರುವುದು ಒಂದು ಸಾಮಾನ್ಯ ಲಿನಕ್ಸ್ ಕಂಪ್ಯೂಟರು. ಅದರ ಜೊತೆ ನೇರ ಮಾತಾಡುವ ಕಪ್ಪು ಪರದೆಯೇ ಟರ್ಮಿನಲ್. ಒಂದು ಕಂಪ್ಯೂಟರಿನಿಂದ ಇನ್ನೊಂದರ ಟರ್ಮಿನಲ್ಲಿಗೆ ಹೋಗುವ ದಾರಿಗೆ ಎಸ್‌ಎಸ್‌ಎಚ್, ಸೆಕ್ಯೂರ್ ಶೆಲ್ ಅಂತ ಹೆಸರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕಳ್ಳರು ಕೂತು ಪಾಸ್‌ವರ್ಡುಗಳನ್ನು ಕದ್ದರು. ಅದರಿಂದ ತಲೆಕೆಟ್ಟು ಅಲ್ಲಿನ ಟಾಟು ಯುಲೋನೆನ್ ಇದನ್ನು ಬರೆದ. ಅದಕ್ಕೂ ಮೊದಲಿದ್ದ ಟೆಲ್‌ನೆಟ್ಟಿನಲ್ಲಿ ಪಾಸ್‌ವರ್ಡು ಪೋಸ್ಟ್‌ಕಾರ್ಡಿನಲ್ಲಿ ಬರೆದಂತೆ ಬಯಲಾಗಿ ಹೋಗುತ್ತಿತ್ತು. ಎಸ್‌ಎಸ್‌ಎಚ್‌ನಲ್ಲಿ ಲಕೋಟೆ, ಅದಕ್ಕೆ ಅರಗು. ಎಫ್‌ಟಿಪಿಗೆ 21, ಟೆಲ್‌ನೆಟ್ಟಿಗೆ 23 ನಂಬರಿನ ಪೋರ್ಟುಗಳಿದ್ದವು. ಇವೆರಡರ ಬದಲಿಗೆ ಬಂದದ್ದು ಅಂತ ಮಧ್ಯ ಖಾಲಿ ಇದ್ದ 22ನ್ನು ಅವನು ಕೇಳಿ ತೆಗೆದುಕೊಂಡ.

ನಮ್ಮ ಪೆಟ್ಟಿಗೆಯಲ್ಲಿ ಈ ಬಾಗಿಲಿಗೆ ಚಿಲಕ ಹಾಕಿತ್ತು. ಹೊಸದಾಗಿ ಬರುವಾಗ ಇಂಥವುಗಳಲ್ಲಿ ಹಾಗೇ ಇರುವುದು, ಇರಬೇಕಾದದ್ದೂ ಹಾಗೇ. ನಾನೂ ತೆಗೆಯಲಿಲ್ಲ. ನಾನು ಪೆಟ್ಟಿಗೆ ಕೊಂಡ ವರ್ಷವೇ, 2021ರ ಜೂನಿನಲ್ಲಿ, ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಅನ್ನುವ ಹಳೇ ಪೆಟ್ಟಿಗೆಗಳು ಲೋಕದ ಬೇರೆಬೇರೆ ಕಡೆ ಇದ್ದಕ್ಕಿದ್ದಂತೆ ತಮ್ಮನ್ನು ತಾವೇ ಅಳಿಸಿಕೊಂಡಿದ್ದವು. 2015ರ ನಂತರ ಅವಕ್ಕೆ ಅಪ್‌ಡೇಟ್ ಬಂದಿರಲಿಲ್ಲ. ಯಾರೋ ದೂರದಿಂದ ನುಗ್ಗಿ ಫ್ಯಾಕ್ಟರಿ ರೀಸೆಟ್ ಒತ್ತಿಬಿಟ್ಟಿದ್ದರು. ಎಷ್ಟೋ ಜನರ ವರ್ಷಗಟ್ಟಲೆಯ ಫೋಟೋಗಳು ಒಂದೇ ರಾತ್ರಿಯಲ್ಲಿ ಹೋದವು. ಅದನ್ನೋದಿ "ಬೇಡದ ಬಾಗಿಲು ಯಾಕೆ" ಅಂತ ಸುಮ್ಮನಿದ್ದೆ. ಅಲ್ಲಿ ಕಳ್ಳರು ನುಗ್ಗಿದ್ದು ಟರ್ಮಿನಲ್ಲಿನಿಂದಲ್ಲ, ಇಂಟರ್‌ನೆಟ್ಟಿಗೆ ಮುಖ ಮಾಡಿ ಕೂತಿದ್ದ ಜಗಲಿಯಿಂದಲೇ ಅನ್ನುವುದನ್ನು ಆಗ ಸರಿಯಾಗಿ ಯೋಚಿಸಿರಲಿಲ್ಲ.

*

2024ರ ಜುಲೈ. ಮಳೆ ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ ಇರುವುದು ನಮ್ಮದೇ ತಾಲ್ಲೂಕಿನಲ್ಲಿ. ಅಪ್ಪನಿಗೆ ಮಳೆ ಅಳೆಯುವ ಹುಚ್ಚು. ಅಂಗಳದಲ್ಲೊಂದು ಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಡೈರಿಯಲ್ಲಿ ಮಿಲಿಮೀಟರ್ ಲೆಕ್ಕ ಬರೆಯುತ್ತಾನೆ. ಮೂರು ದಿನದಿಂದ ಕರೆಂಟಿಲ್ಲ. ನಡುನಡುವೆ ಬಂದು, ಎರಡು ಸಲ ಮಿಟುಕಿ, ಹೋಗುವುದು. ಎಲ್ಲೋ ಮರ ಬಿದ್ದು ಫೈಬರ್ ಕೇಬಲ್ಲೂ ತುಂಡಾಗಿತ್ತು. ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ, ತುಳಸಿಕಟ್ಟೆಯಿಂದ ಹತ್ತು ಹೆಜ್ಜೆ ಆಚೆ, ಹಲಸಿನ ಮರದ ಬುಡದಲ್ಲಿ. 2020-21ರ ಕೊರೋನಾ ಕಾಲದಲ್ಲಿ "ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ" ಅಂತ ನಮ್ಮ ಕಡೆಯ ಹಳ್ಳಿಗಳು ಯಾಕೆ ಅಭಿಯಾನ ಹೂಡಿದ್ದವು ಅಂತ ಆ ಮರದ ಬುಡದಲ್ಲಿ ಕೊಡೆ ಹಿಡಿದು ನಿಂತವರಿಗೆ ಗೊತ್ತು.

ಒಂದು ಬೆಳಿಗ್ಗೆ ಅಮ್ಮನ ಫೋನು.

"ಅಪ್ಪಿ, ನಿನ್ ಪೆಟ್ಟಿಗೆ ಕೂಗ್ತಾ ಇದ್ದು. ಎಂತದೋ ಕಿತ್ಲೆ ಬಣ್ಣದ ಲೈಟು ಬತ್ತಾ ಇದ್ದು."

ನನಗೆ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು. ಯಾಕೆಂದರೆ ಇಷ್ಟರಲ್ಲಿ ಒಂದು ವಿಷಯ ಬದಲಾಗಿತ್ತು. 2023ರಲ್ಲಿ ಅಜ್ಜಿಗೆ ಸ್ಟ್ರೋಕ್ ಆಗಿತ್ತು. ಎದ್ದು ಕೂರುತ್ತಾಳೆ, ಗುರುತು ಹಿಡಿಯುತ್ತಾಳೆ, ಆದರೆ ಮಾತು ಸ್ಪಷ್ಟವಿಲ್ಲ. ಹಾಡಂತೂ ಇಲ್ಲವೇ ಇಲ್ಲ. ಡಿಸೆಂಬರಿನಲ್ಲಿ ಮಾವನ ಮಗಳ ಮದುವೆ ಗೊತ್ತಾಗಿತ್ತು. ಅಜ್ಜಿ ಹಾಡುತ್ತಿದ್ದ ಹಸೆಗೆ ಕರೆಯುವ ಹಾಡನ್ನು ತಾನು ಕಲಿತು ಹಾಡಬೇಕು ಅಂತ ಅಮ್ಮನ ಆಸೆ. ಆ ಹಾಡು ಇದ್ದದ್ದು ಅಜ್ಜಿಯ ಗಂಟಲಲ್ಲಿ ಮತ್ತು ಆ ಪೆಟ್ಟಿಗೆಯಲ್ಲಿ. ಗಂಟಲು ನಿಂತಿತ್ತು. ಈಗ ಪೆಟ್ಟಿಗೆ ಕೂಗುತ್ತಿತ್ತು.

ಇಂಟರ್‌ನೆಟ್ಟೇ ಇಲ್ಲದ ಮೇಲೆ ನಾನು ಬೆಂಗಳೂರಿನಿಂದ ಏನೂ ಮಾಡುವಂತಿರಲಿಲ್ಲ. ಆದರೆ ಇನ್ವರ್ಟರ್ ಇತ್ತು, ರೂಟರ್ ಇತ್ತು. ಹೊರಗಿನ ಲೋಕದ ತಂತಿ ತುಂಡಾದರೂ ಮನೆಯೊಳಗಿನ ನೆಟ್‌ವರ್ಕ್ ನಡೆಯುತ್ತಲೇ ಇರುತ್ತದೆ. ನನ್ನ ಹಳೇ ವಿಂಡೋಸ್ 10 ಲ್ಯಾಪ್‌ಟಾಪ್ ಅಪ್ಪನ ಹತ್ತಿರ ಇತ್ತು. ಹಾಗಾಗಿ ವ್ಯವಸ್ಥೆ ಹೀಗಾಯಿತು: ಅಪ್ಪ ಒಳಗೆ ಲ್ಯಾಪ್‌ಟಾಪಿನ ಎದುರು. ಅಮ್ಮ ಹಲಸಿನ ಮರದ ಬುಡದಲ್ಲಿ ಕೊಡೆ, ಫೋನು ಹಿಡಿದು. ನಾನು ಹೇಳಿದ್ದನ್ನು ಅಮ್ಮ ಕೂಗಿ ಅಪ್ಪನಿಗೆ ಹೇಳುವುದು. ಅಪ್ಪ ಕೂಗಿದ್ದನ್ನು ನನಗೆ ಹೇಳುವುದು. ನಮ್ಮ ಭಾಷೆಯಲ್ಲಿ ಬೇರೆಯವರು ಹೇಳಿದ್ದನ್ನು ದಾಟಿಸುವಾಗ ಕೊನೆಗೊಂದು "ಅಡ" ಸೇರಿಸುತ್ತೇವೆ, ನಿಮ್ಮ "ಅಂತೆ" ಇದ್ದ ಹಾಗೆ. ಆ ದಿನ ಅಮ್ಮನ ಪ್ರತಿ ಮಾತಿನ ಕೊನೆಗೂ "ಅಡ".

ಮೊದಲು ಜಗಲಿ. ಬ್ರೌಸರಿನಲ್ಲಿ 192.168 ಅಂತ ಶುರುವಾಗುವ ನಂಬರು ಹೊಡೆಸಿದೆ. ಲಾಗಿನ್ ಪುಟ ಬಂತು. ಪಾಸ್‌ವರ್ಡನ್ನು ಅಮ್ಮ ಒಂದೊಂದೇ ಅಕ್ಷರವಾಗಿ ಮಳೆಯಲ್ಲಿ ಕೂಗಿ ಹೇಳಿದಳು. ತೋಟದ ಅಷ್ಟೂ ಅಡಿಕೆ ಮರಗಳಿಗೆ ಅದು ಗೊತ್ತಾಯಿತು. (ಈಗ ಬದಲಾಯಿಸಿದ್ದೇನೆ!) ಒಳಗೆ ಹೋಗಿ ಡಿಸ್ಕಿನ ವಿವರ ಇರುವ ಪುಟ ಒತ್ತಿದರೆ...

"ತಿರುಗ್ತಾ ಇದ್ದಡ."

ಐದು ನಿಮಿಷ ಕಾದೆವು. "ಇನ್ನೂ ತಿರುಗ್ತಾ ಇದ್ದಡ."

ಡಿಸ್ಕು ಉತ್ತರ ಕೊಡದಿದ್ದರೆ ಜಗಲಿಯಲ್ಲಿ ಕೂತವನು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತಾನೆ. ಇನ್ನು ಹಿತ್ಲಕಡೆ ಬಾಗಿಲೇ ಗತಿ. ಅದೃಷ್ಟಕ್ಕೆ ಸೆಟ್ಟಿಂಗಿನ ಪುಟ ತೆರೆದುಕೊಂಡಿತು.

ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತೇನೆ. ಸೈನಾಲಜಿಯಲ್ಲಾದರೆ ಕಂಟ್ರೋಲ್ ಪ್ಯಾನೆಲ್ ಒಳಗೆ "ಟರ್ಮಿನಲ್ ಅಂಡ್ ಎಸ್‌ಎನ್‌ಎಂಪಿ" ಅಂತಿರುತ್ತದೆ. ಕ್ಯುನ್ಯಾಪ್‌ನಲ್ಲಿ ಕಂಟ್ರೋಲ್ ಪ್ಯಾನೆಲ್ಲಿನ ನೆಟ್‌ವರ್ಕ್ ವಿಭಾಗದಲ್ಲಿ "ಟೆಲ್‌ನೆಟ್, ಎಸ್‌ಎಸ್‌ಎಚ್". ಟ್ರೂನ್ಯಾಸ್‌ನಲ್ಲಿ ಸರ್ವಿಸಸ್ ಪಟ್ಟಿಯಲ್ಲಿ. ಎಲ್ಲಾ ಕಡೆ ಕೆಲಸ ಒಂದೇ, ಎಸ್‌ಎಸ್‌ಎಚ್ ಎದುರು ಟಿಕ್ ಹಾಕಿ ಅಪ್ಲೈ ಕೊಡುವುದು. ಪಕ್ಕದಲ್ಲಿ ಟೆಲ್‌ನೆಟ್ ಇದ್ದರೆ ಅದನ್ನು ಮುಟ್ಟಬೇಡಿ, ಅದು ಪೋಸ್ಟ್‌ಕಾರ್ಡು.

ಟಿಕ್ ಹಾಕಿದ ಕೂಡಲೇ ಒಂದು ಎಚ್ಚರಿಕೆ ಬರುತ್ತದೆ. ನಾವೆಲ್ಲ ಓದದೆ ಓಕೆ ಒತ್ತುತ್ತೇವಲ್ಲ, ಅದು.

"ಅಮ್ಮಾ, ಓಕೆ ಒತ್ತು ಹೇಳು."

"ಓದದ್ದೇ ಒಪ್ಪಿಗೆ ಕೊಡದು ಹ್ಯಾಂಗೆ ಹೇಳಿ ಕೇಳ್ತಾ ಇದ್ದ. ಪೂರ್ತಿ ಓದಿ ಒತ್ತತ್ನಡ."

ಅಪ್ಪ ಪೂರ್ತಿ ಓದಿದ. ಮೇಷ್ಟ್ರು. ಆಮೇಲೆ ಒತ್ತಿದ. ಇನ್ವರ್ಟರಿನ ಬ್ಯಾಟರಿ ಅತ್ತ ಇಳಿಯುತ್ತಿತ್ತು.

*

2018ರ ನಂತರದ ವಿಂಡೋಸ್ 10ರಲ್ಲಿ ಎಸ್‌ಎಸ್‌ಎಚ್ ಒಳಗೇ ಬರುತ್ತದೆ, ಬೇರೆ ಸಾಫ್ಟ್‌ವೇರ್ ಬೇಡ. ಕಮಾಂಡ್ ಪ್ರಾಂಪ್ಟ್ ತೆರೆಸಿ ಎಸ್‌ಎಸ್‌ಎಚ್, ಸ್ಪೇಸು, ಹೆಸರು, ಅಟ್ ಚಿಹ್ನೆ, ನಂಬರು ಅಂತ ಹೇಳಿದೆ. ಅಪ್ಪ ಅದನ್ನೆಲ್ಲ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ನೋಡಿ ಟೈಪ್ ಮಾಡುತ್ತಿದ್ದನಂತೆ. ಎರಡು ಕಡೆ ಎಡವಿದೆವು. ನಿಮ್ಮ ಮನೆಯವರೂ ಎಡವುವುದು ಅಲ್ಲೇ.

ಮೊದಲನೆಯದು, ಗುರುತಿನ ಪ್ರಶ್ನೆ. ಹೊಸ ಯಂತ್ರಕ್ಕೆ ಮೊದಲ ಸಲ ಹೋಗುವಾಗ "ಇದು ಯಾರು ಅಂತ ನನಗೆ ಗೊತ್ತಿಲ್ಲ, ಇದರ ಬೆರಳಚ್ಚು ಹೀಗಿದೆ, ಮುಂದುವರಿಯಲೋ" ಅಂತ ಕೇಳುತ್ತದೆ. ಬರೀ ವೈ ಒತ್ತಿದರೆ ಸಾಲದು, ಎಸ್ ಅಂತ ಮೂರೂ ಅಕ್ಷರ ಬರೆಯಬೇಕು. ಎರಡನೆಯದು, ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಚುಕ್ಕಿಯೂ ಇಲ್ಲ, ನಕ್ಷತ್ರವೂ ಇಲ್ಲ.

"ಎಂತದೂ ಬತ್ತಾ ಇಲ್ಯಡ. ಕೀಬೋರ್ಡ್ ಹಾಳಾಯ್ದು ಕಾಣ್ತು ಹೇಳ್ತಾ ಇದ್ದ."

"ಇಲ್ಲೆ ಅಮ್ಮಾ, ಅದು ಹಾಂಗೇ. ಕಾಣದಿದ್ರೂ ಹೊಡಿಯಕ್ಕೆ ಹೇಳು."

ನಾಲ್ಕನೇ ಸಲಕ್ಕೆ ಒಳಗೆ ಹೋದ. ಕಪ್ಪು ಪರದೆ, ಮಿಟುಕುವ ಬಿಳಿ ಗೀಟು. ಅರವತ್ತು ದಾಟಿದ, ಚಾಕ್‌ಪೀಸಿನಲ್ಲೇ ಬದುಕು ಕಳೆದ ಅಪ್ಪ ಲಿನಕ್ಸ್ ಟರ್ಮಿನಲ್ಲಿನಲ್ಲಿ ನಿಂತಿದ್ದ. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದೆ.

ಕೊಡಿಸಿದ ಮೊದಲ ಕಮಾಂಡು: ಕ್ಯಾಟ್, ಸ್ಪೇಸು, ಸ್ಲ್ಯಾಶ್ ಪ್ರಾಕ್ ಸ್ಲ್ಯಾಶ್ ಎಂಡಿಸ್ಟ್ಯಾಟ್. (ಕನ್ನಡದಲ್ಲೇ ಬರೆದಿದ್ದೇನೆ, ಅಪ್ಪನ ನೋಟ್‌ಬುಕ್ಕಿನಲ್ಲಿ ಇರುವುದು ಹೀಗೆಯೇ. ನೀವು ಹೊಡೆಯುವಾಗ ಇಂಗ್ಲಿಷಿನಲ್ಲಿ ಹೊಡೆಯಿರಿ.) ಡಿಸ್ಕುಗಳ ಜೋಡಿ ಹೇಗಿದೆ ಅಂತ ಲಿನಕ್ಸ್ ಇದರಲ್ಲಿ ಹೇಳುತ್ತದೆ. ಎರಡೂ ಸರಿ ಇದ್ದರೆ ಚೌಕ ಕಂಸದೊಳಗೆ ಎರಡು ಯು ಅಕ್ಷರ. ಬಿಟ್ಟುಹೋದ ಡಿಸ್ಕಿನ ಜಾಗದಲ್ಲಿ ಯು ಬದಲು ಕೆಳಗೀಟು.

"ಅಮ್ಮಾ, ಎರಡು ಯು ಇದ್ದ ಕೇಳು."

ಮಳೆಯ ಸದ್ದು. ದೂರದಲ್ಲಿ ಅಪ್ಪನ ದನಿ.

"ಒಂದೇ ಯು ಇದ್ದಡ. ಪಕ್ಕದಲ್ಲಿ ಒಂದು ಗೀಟಡ."

ಹೋಗಿದ್ದು ಒಂದೇ ಡಿಸ್ಕು. ಉಳಿದದ್ದು ಒಂದೇ ಡಿಸ್ಕು ಅಂತಲೂ ಹೇಳಬಹುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಗಡಿಬಿಡಿಯಲ್ಲಿ ಹೊಸ ಡಿಸ್ಕು ಹಾಕಿ ರಿಪೇರಿ ಒತ್ತುವುದು. ರಿಪೇರಿ ಅಂದರೆ ಉಳಿದ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಗಂಟೆಗಟ್ಟಲೆ ಓದಿ ಹೊಸದಕ್ಕೆ ಬರೆಯುವುದು. ಅದೂ ಅದೇ ವಯಸ್ಸಿನದು, ಅದೇ ಸಿಡಿಲು-ಮಳೆ ತಿಂದದ್ದು. ಆ ಓಟದಲ್ಲಿ ಅದೂ ಮಲಗಿದರೆ ಮುಗಿಯಿತು. ಮೊದಲು ಬೇಕಾದದ್ದನ್ನು ಹೊರಗೆ ತೆಗೆಯಬೇಕು, ಆಮೇಲೆ ರಿಪೇರಿ.

ಉಳಿದ ಡಿಸ್ಕಿನ ಆರೋಗ್ಯ ನೋಡಲು ಸ್ಮಾರ್ಟ್‌ಸಿಟಿಎಲ್ ಅನ್ನುವ ಕಮಾಂಡು ಕೊಡಿಸಿದೆ. ಅದಕ್ಕೆ ಯಜಮಾನನ ಅಧಿಕಾರ ಬೇಕು, ಮುಂದೆ ಸೂಡೂ ಸೇರಿಸಬೇಕು. ಸೂಡೂವನ್ನು ಮೊದಲ ಸಲ ಬಳಸುವವರಿಗೆ ಅದು ಮೂರು ಬುದ್ಧಿಮಾತು ಹೇಳುತ್ತದೆ: ಬೇರೆಯವರ ಖಾಸಗಿತನ ಗೌರವಿಸಿ, ಟೈಪ್ ಮಾಡುವ ಮೊದಲು ಯೋಚಿಸಿ, ದೊಡ್ಡ ಅಧಿಕಾರದ ಜೊತೆ ದೊಡ್ಡ ಹೊಣೆಯೂ ಬರುತ್ತದೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಅದನ್ನು ನಿಂತು ಓದಿದ್ದು ನೋಡಿಲ್ಲ. ಅಪ್ಪ ಓದಿದ.

"ಮೂರೂ ಸರಿಯಾಗಿ ಬರದ್ದ ಹೇಳ್ತಾ ಇದ್ದ. ಶಾಲೆ ಗೋಡೆ ಮೇಲೆ ಬರೆಸ್ಲಕ್ಕಿತ್ತಡ."

ಪಟ್ಟಿಯಲ್ಲಿ 5ನೇ ನಂಬರಿನ ಸಾಲು, 197ನೇ ನಂಬರಿನ ಸಾಲು, ಎರಡರ ಕೊನೆಯ ಅಂಕಿ ಕೇಳಿದೆ. 5ನೆಯದು ಡಿಸ್ಕಿನಲ್ಲಿ ಎಷ್ಟು ಜಾಗ ಕೆಟ್ಟು ಬೇರೆ ಕಡೆ ವರ್ಗಾಯಿಸಿದೆ ಅನ್ನುವುದು. 197 ಇನ್ನೂ ಓದಲಾಗದೆ ಬಾಕಿ ಉಳಿದ ಜಾಗ. "ಎರಡೂ ಸೊನ್ನೆ ಅಡ." ಆ ಬೆಳಿಗ್ಗೆ ಮೊದಲ ಸಲ ಉಸಿರು ಬಿಟ್ಟೆ.

ಇನ್ನು ನಕಲು. 32 ಜಿಬಿಯ ಪೆನ್‌ಡ್ರೈವ್ ಪೆಟ್ಟಿಗೆಗೇ ಚುಚ್ಚಿಸಿ ಸಿಪಿ ಕಮಾಂಡು. ಫೋಲ್ಡರಿಗೆ ನಾನಿಟ್ಟ ಹೆಸರು "ಅಜ್ಜಿ ಹಾಡು ಫೈನಲ್ ನ್ಯೂ", ನಡುವೆ ಮೂರು ಸ್ಪೇಸು! ಟರ್ಮಿನಲ್ಲಿಗೆ ಸ್ಪೇಸು ಕಂಡರೆ ಆಗುವುದಿಲ್ಲ. ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಲಿಕ್ಕೆ ಹೇಳಿದೆ.

"ಅಯ್ಯ! ಉಳಿದಿದ್ದು ಅದೇ ಬರ್ಕತ್ತಡ!" ಅಮ್ಮನ ದನಿಯಲ್ಲೂ ಖುಷಿ.

ಒಂದೊಂದು ಫೈಲು ಹೋದಂತೆ ಅದರ ಹೆಸರು ಪರದೆಯ ಮೇಲೆ ಬರಲು ಶುರುವಾಯಿತು. ಅಪ್ಪ ಶಾಲೆಯಲ್ಲಿ ಹಾಜರಿ ಕರೆದಂತೆ ಗಟ್ಟಿಯಾಗಿ ಓದತೊಡಗಿದ. ಹಸೆಗೆ ಕರೆಯುವುದು ಒಂದು. ಹಸೆಗೆ ಕರೆಯುವುದು ಎರಡು. ಉರುಟಣೆ. ಆರತಿ. ಬೀಸುವ ಪದ. ತೊಟ್ಟಿಲ ಹಾಡು. ಅಮ್ಮ ನನಗೆ ದಾಟಿಸುವುದನ್ನು ನಿಲ್ಲಿಸಿಬಿಟ್ಟಿದ್ದಳು. ಒಂದೊಂದು ಹೆಸರು ಕೇಳಿದಾಗಲೂ ಫೋನಿನಲ್ಲಿ ಬರೀ "ಹೂಂ" ಅನ್ನುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಹಿಡಿಯಿತು. ಅಷ್ಟು ಹೊತ್ತೂ ಮಳೆಯಲ್ಲೇ ನಿಂತಿದ್ದಳು. ಕೊನೆಯ ಹೊತ್ತಿಗೆ ಇನ್ವರ್ಟರ್ ಕುಂಯ್‌ಗುಡಲು ಶುರುಮಾಡಿತ್ತು. ಸಿಂಕ್ ಅಂತ ಒಂದು ಕಮಾಂಡು ಕೊಡಿಸಿ, ಪೆಟ್ಟಿಗೆ ಆಫ್ ಮಾಡಿಸಿ, ಪೆನ್‌ಡ್ರೈವ್ ತೆಗೆದು ಅಕ್ಕಿ ಡಬ್ಬಿಯಲ್ಲಿಡಲು ಹೇಳಿದೆ. ಥಂಡಿ ತಾಗಬಾರದಲ್ಲ.

*

ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದೆ. ಬ್ಯಾಗಿನಲ್ಲಿ ಎಸ್.ಪಿ. ರೋಡಿನಲ್ಲಿ ಕೊಂಡ ಹೊಸ ಡಿಸ್ಕು. ಬೆಳಿಗ್ಗೆ ಸಾಗರದಲ್ಲಿಳಿದು, ಅಂಗಡಿ ತೆಗೆಯುವವರೆಗೆ ಕಾದು, ಒಂದು ಯುಪಿಎಸ್ ತಗೊಂಡು ಮನೆ ಸೇರಿದೆ. ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲೂ ಪೆಟ್ಟಿಗೆಗೆ ಏಟು ಬೀಳದಿರಲಿ ಅಂತ ಈ ಯುಪಿಎಸ್ಸು. ಸತ್ತ ಡಿಸ್ಕು ತೆಗೆದು ಹೊಸತು ಹಾಕಿದೆ. ರಿಪೇರಿಗೆ ಒಂಬತ್ತು ಗಂಟೆ ಚಿಲ್ಲರೆ ಹಿಡಿಯಿತು. ಅಷ್ಟೂ ಹೊತ್ತು ಅಪ್ಪ ಅರ್ಧ ಗಂಟೆಗೊಮ್ಮೆ ತಾನೇ ಲಾಗಿನ್ ಆಗಿ ಎಂಡಿಸ್ಟ್ಯಾಟ್ ನೋಡಿ ಎಷ್ಟು ಪರ್ಸೆಂಟ್ ಅಂತ ಹೇಳುತ್ತಿದ್ದ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ ಮಾತು ನನಗೆ ಇನ್ನೂ ಕೊರೆಯುತ್ತಿದೆ. ನಮ್ಮ ಮೂಲ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಮುಳುಗಡೆಯಾಗಿ ಈ ಕಡೆ ಬಂದವರು. ಅಪ್ಪ ಆಗ ಸಣ್ಣ ಮಗು. ಹೊತ್ತು ತರಲು ಆದದ್ದಷ್ಟೇ ಬಂತು, ಉಳಿದದ್ದು ನೀರಿಗೆ.

"ಒಂದೇ ಕಡೆ ಇಟ್ಟಿದ್ದು ಒಂದೇ ಸಲ ಹೋಗ್ತು" ಅಂದ ಅಪ್ಪ. "ನಿನ್ನ ಪೆಟ್ಟಿಗೇಲಿ ಎರಡು ಡಿಸ್ಕಿರ್ಲಿ, ಹತ್ತಿರ್ಲಿ. ಮನೆ ಒಂದೇ ಅಲ್ದ?"

ಬ್ಯಾಕಪ್ಪಿಗೆ 3-2-1 ಅಂತ ಒಂದು ನಿಯಮ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ನಾನು ಸ್ಲೈಡು ಮಾಡಿ ತೋರಿಸುವ ನಿಯಮ. ಅಪ್ಪ ಮುಳುಗಡೆಯಿಂದ ಕಲಿತದ್ದು ಅದೇ.

ಮರುದಿನ ಮೂವರೂ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋದೆವು. ಸೇತುವೆಯ ಕೆಳಗೆ ತುಂಗೆ ಕೆಂಪಾಗಿ, ಭರ್ತಿಯಾಗಿ ಹರಿಯುತ್ತಿದ್ದಳು. ಮಾವನಿಗೆ ಒಂದು ಪೆನ್‌ಡ್ರೈವ್ ಕೊಟ್ಟೆ. ಇದು ಎರಡನೇ ಊರು. ಇನ್ನೊಂದು ಪ್ರತಿ ನನ್ನ ಬ್ಯಾಗಿನಲ್ಲಿ, ಬೆಂಗಳೂರಿಗೆ. ಅಜ್ಜಿಯ ಮಂಚದ ಪಕ್ಕ ಸಣ್ಣ ಸ್ಪೀಕರ್ ಇಟ್ಟು ಹಸೆಗೆ ಕರೆಯುವ ಹಾಡು ಹಾಕಿದೆವು. ಅಜ್ಜಿ ಮೊದಲು ಯಾರು ಹಾಡುತ್ತಿದ್ದಾರೆ ಅಂತ ಬಾಗಿಲ ಕಡೆ ನೋಡಿದಳು. ಆಮೇಲೆ ಸರಿ ಇರುವ ಕೈಯ ಬೆರಳು ಹೊದಿಕೆಯ ಮೇಲೆ ತಾಳ ಹಾಕತೊಡಗಿತು. ಅಮ್ಮ ಮೆಲ್ಲಗೆ ದನಿ ಸೇರಿಸಿದಳು. ಒಂದು ಕಡೆ ಅಮ್ಮ ತಪ್ಪಿ ಎತ್ತರಕ್ಕೆ ಹೋದಾಗ ಬೆರಳು ತಟ್ಟನೆ ನಿಂತಿತು. ಅಮ್ಮ ತಿರುಗಿ ಮೊದಲಿನಿಂದ ಹಾಡಿದಳು.

*

ಟೆಕ್ನಿಕಲ್ ಬರಹ ಅಂತ ಶುರುಮಾಡಿದ್ದಕ್ಕೆ, ಈಗ ನಮ್ಮನೆಯಲ್ಲಿ ಹೇಗಿದೆ ಅಂತಲೂ ಬರೆದುಬಿಡುತ್ತೇನೆ.

ಎಸ್‌ಎಸ್‌ಎಚ್ ಈಗ ಮನೆಯೊಳಗಿನವರಿಗೆ ಯಾವಾಗಲೂ ತೆರೆದಿದೆ. ಎಲ್ಲಾ ಸರಿ ಇದ್ದಾಗಲೇ ಇದನ್ನು ಮಾಡಿಟ್ಟು, ಒಂದು ಸಲ ಒಳಗೆ ಹೋಗಿ ನೋಡಿರಬೇಕು. ಬೆಂಕಿ ಬಿದ್ದಾಗ ಬಾಗಿಲು ಹುಡುಕಬಾರದು. ನಮಗೆ ಆ ಸೆಟ್ಟಿಂಗಿನ ಪುಟವೂ ತಿರುಗುತ್ತಾ ಕೂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ಇಷ್ಟವಿಲ್ಲ. ಆದರೆ ರೂಟರಿನಲ್ಲಿ 22ನ್ನು ಹೊರಲೋಕಕ್ಕೆ ತೆರೆದಿಲ್ಲ, ನೀವೂ ತೆರೆಯಬೇಡಿ. ಇಂಟರ್‌ನೆಟ್ಟಿಗೆ ತೆರೆದಿಟ್ಟ 22ರ ಬಾಗಿಲನ್ನು ರೂಟ್, ಅಡ್ಮಿನ್, ಟೆಸ್ಟ್ ಅಂತೆಲ್ಲ ಹೆಸರು ಹೇಳಿಕೊಂಡು ಯಾವ್ಯಾವುದೋ ದೇಶದ ಯಂತ್ರಗಳು ಹಗಲು ರಾತ್ರಿ ಬಡಿಯುತ್ತವೆ. ಆಫೀಸಿನ ಸರ್ವರುಗಳ ಲಾಗಿನಲ್ಲಿ ದಿನಾ ನೋಡುತ್ತೇನೆ. ಬೆಂಗಳೂರಿನಿಂದ ಹೋಗಲು ವೈರ್‌ಗಾರ್ಡ್ ಆಧಾರದ ವಿಪಿಎನ್ ಹಾಕಿದ್ದೇನೆ. ಮನೆಯ ಕನೆಕ್ಷನ್ನಿಗೆ ಸ್ವಂತ ಸಾರ್ವಜನಿಕ ವಿಳಾಸ ಇರದಿದ್ದರೂ, ಪೆಟ್ಟಿಗೆ ತಾನೇ ಹೊರಗೆ ಬಂದು ಕೈ ಹಿಡಿಯುವುದರಿಂದ, ಟೇಲ್‌ಸ್ಕೇಲ್‌ನಂಥವು ಕೆಲಸ ಮಾಡುತ್ತವೆ. ಪಾಸ್‌ವರ್ಡಿನ ಬದಲು ಕೀ ಜೋಡಿ ಮಾಡಿಕೊಂಡಿದ್ದೇನೆ. ಅಮ್ಮ ಇನ್ನು ಏನನ್ನೂ ಕೂಗಬೇಕಿಲ್ಲ.

ಮುಖ್ಯವಾದದ್ದು ಬೇರೆ. ಮೊದಲು ಆ ಪೆಟ್ಟಿಗೆಯ ಬೀಗದ ಕೈ ಇದ್ದದ್ದು 350 ಕಿಲೋಮೀಟರಿನಷ್ಟು ದೂರದಲ್ಲಿದ್ದ ನನ್ನೊಬ್ಬನ ಹತ್ತಿರ. ಇಂಟರ್‌ನೆಟ್ ಹೋದ ದಿನ ನನ್ನ ಕೈ ಯಾವುದಕ್ಕೂ ಬರಲಿಲ್ಲ. ದೂರದಿಂದ ಮನೆಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಮನೆಯನ್ನು ನೋಡಿಕೊಳ್ಳುವವರು ಮನೆಯಲ್ಲಿರುವವರೇ. ಈಗ ಅಪ್ಪನಿಗೆ ಅವನದೇ ಹೆಸರಿನ ಖಾತೆ ಇದೆ. ನೋಟ್‌ಬುಕ್ಕು ಪಂಚಾಂಗದ ಪಕ್ಕದ ಮೊಳೆಗೆ ತೂಗುತ್ತಿದೆ. ಡಿಸೆಂಬರಿನ ಮದುವೆಯಲ್ಲಿ ಅಮ್ಮ ಹಾಡಿದಳು, ಮಾವ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ಆ ಫೈಲನ್ನು ಪೆಟ್ಟಿಗೆಗೆ ಹಾಕಿದ್ದೂ ಅಪ್ಪನೇ. ಹೆಸರಿನಲ್ಲಿ ಸ್ಪೇಸಿಲ್ಲ.

ಹೋದ ಸಲ ಊರಿಗೆ ಹೋದಾಗ ಅಪ್ಪನ ಮಳೆ ಡೈರಿ ತಿರುವಿ ಹಾಕುತ್ತಿದ್ದೆ. ತಾರೀಖು, ಮಿಲಿಮೀಟರ್ ಲೆಕ್ಕ, ತೋಟಕ್ಕೆ ಔಷಧಿ ಹೊಡೆದದ್ದು. 2024ರ ಜುಲೈಯಿಂದೀಚೆಗೆ ಪ್ರತಿ ಸಾಲಿನ ಕೊನೆಗೂ, ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ, ಇನ್ನೊಂದು ಕಾಲಂ ಸೇರಿದೆ.

"ಯು ಯು."

ನಿಮ್ಮನೆಯ ಪೆಟ್ಟಿಗೆ, ಕ್ಯಾಸೆಟ್ಟು, ಬೂಷ್ಟುಗಳ ಕತೆ ಎಂತದು? ಬೀಗದ ಕೈ ಯಾರ ಹತ್ತಿರ ಇದೆ? ಒಂದ್ಸಲ ನೋಡಿಕೊಳ್ಳಿ.